ದಿನಾಂಕವಿಲ್ಲದ ಪರೀಕ್ಷೆ

ಮಂತ್ರಾಲಯಕ್ಕೆ ಹೋಗಿ ಬಂದವರಿಗೆ ಥಾಮಸ್ ಮನ್ರೋ ಎಂಬ ಹೆಸರನ್ನು ಪರಿಚಯಿಸಬೇಕಾಗಿಲ್ಲ. ಮಠದ ಜಮೀನಿನ ವಿಚಾರಣೆಗೆಂದು ಬಂದ ಬಿಳಿಯ ದೊರೆಗೆ ರಾಯರು ಬೃಂದಾವನದಿಂದಲೇ ದರ್ಶನ ಕೊಟ್ಟು ಮಾತನಾಡಿದರು ಎಂಬ ಕತೆಯನ್ನು ನಾನು ಚಿಕ್ಕಂದಿನಲ್ಲಿ ಅಜ್ಜಿಯ ಬಾಯಿಯಿಂದ ಕೇಳಿದ್ದೆ. ಆ ದೊರೆ ಬಳ್ಳಾರಿ ಸೀಮೆಗೆ ಹೋಗುವ ಮೊದಲು ನಮ್ಮ ಕಡೆಯಲ್ಲೇ ಇದ್ದ, ಟಿಪ್ಪುವಿನ ಪತನದ ನಂತರ ಕಂಪೆನಿಯ ಕೈಸೇರಿದ ಕೆನರಾ ಜಿಲ್ಲೆಯ ಮೊತ್ತಮೊದಲ ಕಲೆಕ್ಟರ್ ಅವನೇ ಆಗಿದ್ದ ಎಂಬುದು ಮಾತ್ರ ಸಮಾಜ ವಿಜ್ಞಾನದ ಶಿಕ್ಷಕಿಯಾಗಿ ಎಷ್ಟೋ ವರ್ಷ ಕಳೆದ ಮೇಲೂ ನನಗೆ ಗೊತ್ತಿರಲಿಲ್ಲ.

1799ರ ಮಳೆಗಾಲದಲ್ಲಿ ಆತ ಬಂದ. 1800 ಮುಗಿಯುವ ಮೊದಲೇ ಹೊರಟುಹೋದ. ಈ ಸೀಮೆ ಆತನಿಗೆ ಹಿಡಿಸಲಿಲ್ಲ. ಊರಿಗೆ ಬರೆದ ಕಾಗದಗಳಲ್ಲಿ ಇಲ್ಲಿನ ಮಳೆಯ ಬಗ್ಗೆ, ಹತ್ತಿ ಇಳಿಯುವ ದಾರಿಗಳ ಬಗ್ಗೆ, ಮುಗಿಯದ ಕೆಲಸದ ಬಗ್ಗೆ ಗೊಣಗಿದ್ದಾನೆ. ಆಟಿಯ ಮಳೆಗೆ ಫಳ್ನೀರಿನ ನಮ್ಮ ಮನೆಯ ಅಂಗಳದಲ್ಲಿ ಪಾಚಿ ಕಟ್ಟಿ, ಒಗೆದ ಬಟ್ಟೆ ನಾಲ್ಕು ದಿನವಾದರೂ ಒಣಗದಿರುವಾಗ ಆತನ ಗೊಣಗಾಟ ನನಗೂ ಸರಿ ಎನಿಸುವುದುಂಟು. ಅಂಥ ಮಳೆಗೆ ಶಾಲೆಗೆ ರಜೆ ಕೊಟ್ಟ ಒಂದು ದಿನವೇ, ನಿವೃತ್ತರಾದ ಹಿರಿಯ ಸಹೋದ್ಯೋಗಿಯೊಬ್ಬರು ಕೊಟ್ಟಿದ್ದ ಜೆರಾಕ್ಸ್ ಪ್ರತಿಯೊಂದನ್ನು ಬಿಚ್ಚಿ ಓದಲು ಕುಳಿತೆ. ಅದು ಮನ್ರೋ 1824ರ ಡಿಸೆಂಬರ್ 31ರಂದು ಬರೆದ ಟಿಪ್ಪಣಿ. ಸರಕಾರಿ ಭಾಷೆಯಲ್ಲಿ ‘ಮಿನಿಟ್’ ಎನ್ನುತ್ತಾರೆ. ಆಗ ಆತ ಮದರಾಸಿನ ಗವರ್ನರ್. ನಮ್ಮ ಕೆನರಾವೂ ಆತನ ಆಡಳಿತಕ್ಕೇ ಸೇರಿತ್ತು. 1881ರಲ್ಲಿ ಅರ್ಬತ್ನಾಟ್ ಎಂಬ ಅಧಿಕಾರಿ ಮನ್ರೋವಿನ ಟಿಪ್ಪಣಿಗಳನ್ನು ಆರಿಸಿ ಅಚ್ಚು ಹಾಕಿಸಿದಾಗ ಇದಕ್ಕೆ ಅದರಲ್ಲಿ ಮುಖ್ಯ ಸ್ಥಾನ ಸಿಕ್ಕಿತು.

ಸರಕಾರಿ ಟಿಪ್ಪಣಿಯನ್ನು ಸಾಹಿತ್ಯ ಕೃತಿಯಂತೆ ವಿಮರ್ಶಿಸುವುದು ಉಂಟೇ ಎಂದು ಕೇಳುವವರಿರಬಹುದು. ನನ್ನ ಮಟ್ಟಿಗೆ ಉಂಟು. ಕೋಟ್ಯಂತರ ಜನರ ಬದುಕು ಯಾವ ವಾಕ್ಯಗಳ ಮೇಲೆ ನಿಂತಿತ್ತೋ ಆ ವಾಕ್ಯಗಳನ್ನು ನಾವು ಒಂದು ಕವಿತೆಯನ್ನು ಓದುವಷ್ಟು ಎಚ್ಚರದಿಂದಲಾದರೂ ಓದಬೇಕು.

ಟಿಪ್ಪಣಿಯ ಹೆಚ್ಚಿನ ಭಾಗ ಭೂಕಂದಾಯದ ಕುರಿತಾದದ್ದು. ಭೂಮಿಯ ಅಳತೆ, ತೀರ್ವೆಯ ಪ್ರಮಾಣ, ರೈತನ ಹಕ್ಕು, ಹಳ್ಳಿಯ ಲೆಕ್ಕಪತ್ರ ಇವೆಲ್ಲ ಸಾಲುಸಾಲಾಗಿ ಬರುತ್ತವೆ. ಓದುತ್ತ ಓದುತ್ತ ಆಕಳಿಕೆ ಬರುವ ಹೊತ್ತಿಗೆ ಬರವಣಿಗೆಯ ದನಿ ಬದಲಾಗುತ್ತದೆ. ನಮ್ಮ ಈ ಆಳ್ವಿಕೆಯಿಂದ ಕೊನೆಗೆ ಇಲ್ಲಿನ ಜನರ ಶೀಲದ ಮೇಲೆ ಆಗುವ ಪರಿಣಾಮವೇನು, ಅವರು ಮೇಲೇರುತ್ತಾರೋ ಕೆಳಗಿಳಿಯುತ್ತಾರೋ ಎಂದು ಗವರ್ನರ್ ತನ್ನನ್ನೇ ಕೇಳಿಕೊಳ್ಳುತ್ತಾನೆ. ನಮ್ಮ ಅಧಿಕಾರ ಭದ್ರವಾಗಿದ್ದರೆ ಸಾಕೇ, ಅಥವಾ ಈ ಜನರನ್ನು ತಮ್ಮ ದೇಶವನ್ನು ತಾವೇ ನಡೆಸಲು ತಕ್ಕವರನ್ನಾಗಿ ಮಾಡಬೇಕೇ? ಕಡಲಾಚೆಯ ನಾಡನ್ನು ಆಳುವ ಸರಕಾರವೊಂದು ಆ ನಾಡಿನ ನೂರು ವರ್ಷದಾಚೆಯ ಭವಿಷ್ಯವನ್ನು ತೂಗಿ ನೋಡಿದ ಬರಹಗಳಲ್ಲಿ ಇಷ್ಟು ನೇರವಾಗಿ ಮಾತಾಡಿದವು ಕಡಿಮೆ.

ಆ ಕಾಲದ ಹಿನ್ನೆಲೆಯಲ್ಲಿ ಇದು ಸಣ್ಣ ಮಾತಲ್ಲ. ಕಂಪೆನಿಯೇ ಒಂದು ಬಗೆಯ ಗೇಣಿದಾರ. ಬ್ರಿಟಿಷ್ ಪಾರ್ಲಿಮೆಂಟು ಇಪ್ಪತ್ತು ವರ್ಷಕ್ಕೊಮ್ಮೆ ಅದರ ಸನದನ್ನು ನವೀಕರಿಸುತ್ತಿತ್ತು. 1813ರಲ್ಲಿ ಒಮ್ಮೆ ಆಗಿತ್ತು, ಇನ್ನು 1833ಕ್ಕೆ ಆಗಬೇಕಿತ್ತು. ಗೇಣಿದಾರನಾದವನು ಈ ವರ್ಷದ ಫಸಲನ್ನು ನೋಡುವುದು ರೂಢಿ. ಮೊಮ್ಮಕ್ಕಳ ಕಾಲಕ್ಕೆ ಈ ಜಮೀನು ಯಾರದ್ದಾಗಬೇಕು ಎಂದು ಅವನು ಚಿಂತಿಸುವುದಿಲ್ಲ. ಮನ್ರೋ ಚಿಂತಿಸಿದ.

ಅದರಲ್ಲಿ ಆತ ಹೇಳುವ ಕೆಲವು ಸಂಗತಿಗಳನ್ನು ಓದಿದಾಗ ನಾನು ಎದ್ದು ಕುಳಿತೆ. ಹಿಂದಿನ ದಂಡಯಾತ್ರಿಕರು ಈ ಜನರ ಮೇಲೆ ಕ್ರೌರ್ಯ ತೋರಿಸಿರಬಹುದು, ಆದರೆ ನಮ್ಮಷ್ಟು ತಿರಸ್ಕಾರವನ್ನು ಯಾರೂ ತೋರಿಸಲಿಲ್ಲ ಎಂದು ಆತ ಬರೆಯುತ್ತಾನೆ. ಒಂದು ಇಡೀ ಜನಾಂಗವನ್ನು ನಂಬಿಕೆಗೆ ಅನರ್ಹರೆಂದು ಹಣೆಪಟ್ಟಿ ಕಟ್ಟಿ, ಕೆಳಗಿನ ಗುಮಾಸ್ತಿಕೆಗಷ್ಟೇ ಇಟ್ಟುಕೊಂಡು, ಆಮೇಲೆ ಅವರಲ್ಲಿ ಶೀಲವಿಲ್ಲ ಎಂದು ದೂರುವುದು ನ್ಯಾಯವಲ್ಲ ಎನ್ನುತ್ತಾನೆ. ಬ್ರಿಟನ್ನನ್ನೇ ನಾಳೆ ಪರಕೀಯರು ಗೆದ್ದು, ಅಲ್ಲಿನವರನ್ನು ಆಡಳಿತದಿಂದ, ಗೌರವದಿಂದ, ದೊಡ್ಡ ಹುದ್ದೆಗಳಿಂದ ಹೊರಗಿಟ್ಟರೆ, ಅವರ ಸಾಹಿತ್ಯ ಶಾಸ್ತ್ರಗಳೆಲ್ಲ ಇದ್ದರೂ ಒಂದೆರಡು ತಲೆಮಾರಿನೊಳಗೆ ಅವರೂ ಕೀಳುಬುದ್ಧಿಯ, ಮೋಸಗಾರ ಜನರಾಗುತ್ತಾರೆ ಎಂದು ತನ್ನವರಿಗೇ ಹೇಳುತ್ತಾನೆ. ಒಬ್ಬ ಭಾರತೀಯನ ನೆರವೂ ಇಲ್ಲದೆ ಈ ದೇಶವನ್ನು ಆಳುವುದು ಸಾಧ್ಯವಿದ್ದರೂ ಹಾಗೆ ಮಾಡಬಾರದು, ಅದು ರಾಜನೀತಿಯಲ್ಲೂ ಧರ್ಮದಲ್ಲೂ ತಪ್ಪು ಎನ್ನುತ್ತಾನೆ. ಹತ್ತು ವರ್ಷ ಕಳೆದು 1835ರ ಫೆಬ್ರವರಿಯಲ್ಲಿ ಮೆಕಾಲೆ ಬರೆದ ಶಿಕ್ಷಣದ ಟಿಪ್ಪಣಿಯ ಅಹಂಕಾರವನ್ನು ಬಲ್ಲವರಿಗೆ ಮನ್ರೋವಿನ ಈ ದನಿ ಬೇರೆಯೇ ಲೋಕದ್ದೆನಿಸುತ್ತದೆ.

ಈ ಮಾತುಗಳ ತಿರುಳನ್ನು ಶಾಲೆಯ ಭಾಷೆಯಲ್ಲಿ ಹೇಳುವುದಾದರೆ ಇಷ್ಟು: ಜವಾಬ್ದಾರಿ ಕೊಟ್ಟರೆ ಯೋಗ್ಯತೆ ಬರುತ್ತದೆ. ಮನುಷ್ಯನ ಶೀಲ ಪುಸ್ತಕದಿಂದ ಬರುವುದಕ್ಕಿಂತ ಹೆಚ್ಚಾಗಿ ಹುದ್ದೆಯಿಂದ, ಹೊಣೆಯಿಂದ ಬರುತ್ತದೆ. ಇದು ನನ್ನ ಅನುಭವವೂ ಹೌದು. ಹಿಂದಿನ ಬೆಂಚಿನ ತುಂಟನನ್ನು ತರಗತಿಯ ನಾಯಕನನ್ನಾಗಿ ಮಾಡಿ ನೋಡಿದ ಯಾವ ಶಿಕ್ಷಕಿಯೂ ಇದನ್ನು ಅಲ್ಲಗಳೆಯಲಾರಳು.

ಆದರೆ ಇದೇ ಟಿಪ್ಪಣಿಯಲ್ಲಿ ಇನ್ನೊಂದು ಮಾತಿದೆ. ಚರಿತ್ರೆಯ ಪುಸ್ತಕಗಳಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುವುದು ಅದೇ. ಭಾರತವನ್ನು ನಾವು ತಾತ್ಕಾಲಿಕ ಸೊತ್ತೆಂದು ತಿಳಿಯಬಾರದು. ಇಲ್ಲಿನ ಜನ ಮುಂದೆಂದೋ ಒಂದು ಕಾಲದಲ್ಲಿ ತಮ್ಮ ಮೂಢನಂಬಿಕೆ, ಪೂರ್ವಗ್ರಹಗಳಲ್ಲಿ ಹೆಚ್ಚಿನವನ್ನು ಬಿಟ್ಟು, ಕ್ರಮಬದ್ಧವಾದ ಸರಕಾರವನ್ನು ತಾವೇ ಕಟ್ಟಿಕೊಂಡು ನಡೆಸುವಷ್ಟು ತಿಳಿವಳಿಕೆ ಪಡೆಯುವವರೆಗೆ ಇದನ್ನು ಕಾಪಾಡಿಕೊಳ್ಳಬೇಕು. ಅಂಥ ಕಾಲ ಬಂದಾಗ ನಮ್ಮ ಹಿಡಿತವನ್ನು ಮೆಲ್ಲಮೆಲ್ಲನೆ ಸಡಿಲಿಸುವುದು ಎರಡು ದೇಶಗಳಿಗೂ ಒಳ್ಳೆಯದು ಎಂಬುದು ಅದರ ಸಾರಾಂಶ. ಈ ಮಾತಿಗಾಗಿ ಮನ್ರೋವನ್ನು ದೂರದರ್ಶಿ ಎಂದು ಹೊಗಳಿದವರು ಬಹಳ ಮಂದಿ. ನಾನೂ ಮೊದಲ ಓದಿನಲ್ಲಿ ಹೊಗಳಿದೆ. ಎರಡನೆಯ ಸಲ ಓದುವಾಗ ‘ಪಡೆಯುವವರೆಗೆ’ ಎಂಬ ಜಾಗದಲ್ಲಿ ಕಣ್ಣು ನಿಂತಿತು.

ಅಲ್ಲಿ ನಿಂತದ್ದಕ್ಕೆ ಕಾರಣವಿದೆ. ಹಲವು ವರ್ಷಗಳ ಹಿಂದೆ ನಾನಿದ್ದ ಶಾಲೆಯಲ್ಲಿ ಒಂಬತ್ತನೆಯ ತರಗತಿಯ ಫಲಿತಾಂಶದ ಸಭೆ ನಡೆಯಿತು. ಒಬ್ಬಳು ಹುಡುಗಿ ಗಣಿತ ಮತ್ತು ಇಂಗ್ಲಿಷಿನಲ್ಲಿ ಹಿಂದೆ. ಮುಂದಿನ ವರ್ಷ ಅವಳು ಎಸ್ಸೆಸ್ಸೆಲ್ಸಿಗೆ ಕುಳಿತರೆ ನಪಾಸಾಗಬಹುದು, ಶಾಲೆಯ ಶೇಕಡಾ ನೂರು ತಪ್ಪಬಹುದು. ಸಭೆಯಲ್ಲಿ ಹಾಗೆಂದು ಯಾರೂ ಹೇಳಲಿಲ್ಲ. “ಅವಳ ಒಳ್ಳೆಯದಕ್ಕೇ, ಇನ್ನೂ ತಯಾರಾಗಿಲ್ಲ, ಒಂದು ವರ್ಷ ಇರಲಿ” ಎಂದೆವು. ತರಗತಿ ಶಿಕ್ಷಕಿಯಾಗಿ ಬರೆದು ಸಹಿ ಹಾಕಿದವಳು ನಾನು. ಮರುದಿನ ಅವಳ ತಾಯಿ ಬಂದರು. ಬೀಡಿ ಕಟ್ಟಿ ಮನೆ ನಡೆಸುವವರು. ಜಗಳ ಮಾಡಲಿಲ್ಲ, ಅಳಲಿಲ್ಲ. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ತುಳುವಿನಲ್ಲಿ ಒಂದೇ ಮಾತು ಕೇಳಿದರು: “ಹಾಗಾದರೆ ತಯಾರಾಗುವುದು ಯಾವಾಗ ಟೀಚರ್?” ನನ್ನಲ್ಲಿ ಉತ್ತರವಿರಲಿಲ್ಲ. ಜೂನಿನಲ್ಲಿ ಹುಡುಗಿ ಶಾಲೆಗೆ ಬರಲಿಲ್ಲ.

ಆ ತಾಯಿಯ ಪ್ರಶ್ನೆಯನ್ನೇ ಟಿಪ್ಪಣಿಗೆ ಕೇಳಿ ನೋಡಿದೆ. ಪಾಠ ಯಾವುದು? ಗವರ್ನರ್ ಹೇಳಿದ್ದಾನೆ. ಕಲಿಸುವವರು ಯಾರು? ಕಂಪೆನಿ. ಪ್ರಶ್ನೆಪತ್ರಿಕೆ ತೆಗೆಯುವವರು, ಉತ್ತರ ತಿದ್ದುವವರು, ಅಂಕ ಕೊಡುವವರು ಯಾರು? ಅದೂ ಕಂಪೆನಿ. ಪರೀಕ್ಷೆಯ ದಿನ ಯಾವುದು? ಆ ಜಾಗ ಖಾಲಿ. ವಿದ್ಯಾರ್ಥಿ ಪಾಸಾದರೆ ನಷ್ಟವಾಗುವುದು ಯಾರಿಗೆ? ಪರೀಕ್ಷಕರಿಗೆ. 1833ರ ಸನದು ಕಾಯಿದೆಯನ್ನೇ ನೋಡಿ. ಜಾತಿ, ಧರ್ಮ, ಬಣ್ಣಗಳ ಕಾರಣಕ್ಕಾಗಿ ಯಾವ ಭಾರತೀಯನನ್ನೂ ಹುದ್ದೆಯಿಂದ ದೂರವಿಡಬಾರದು ಎಂದು ಸಾರಿದ ಕಾಯಿದೆ ಅದು. ಕಂಪೆನಿಯ ಪಾಲುದಾರರಿಗೆ ವರ್ಷಕ್ಕೆ ಶೇಕಡಾ 10.5ರಂತೆ ಲಾಭಾಂಶವನ್ನು ಭಾರತದ ಕಂದಾಯದಿಂದಲೇ ಕೊಡಬೇಕೆಂದು ಗೊತ್ತುಮಾಡಿದ್ದೂ ಅದೇ ಕಾಯಿದೆ. ನಮ್ಮ ಸಭೆಯಲ್ಲಿ ಶೇಕಡಾ ನೂರರ ಮಾತು ಬಾಯಿಗೆ ಬಾರದೆ ಎಲ್ಲರ ಮನಸ್ಸಿನಲ್ಲಿ ಕುಳಿತಿದ್ದಂತೆ, ಸಾಮ್ರಾಜ್ಯದ ಸದಾಶಯಗಳ ಹಿಂದೆಯೂ ಇಂಥದೊಂದು ಶೇಕಡಾವಾರು ಕುಳಿತಿತ್ತು.

ಮನ್ರೋವಿಗೆ ಅನ್ಯಾಯ ಮಾಡಬಾರದು. ಆತ ಕೆಳಗಿನ ಮೆಟ್ಟಲುಗಳನ್ನು ತೆರೆಯಬೇಕು, ಒಂದೊಂದಾಗಿ ಮೇಲಿನ ಹುದ್ದೆಗಳನ್ನೂ ಕೊಡುತ್ತ ಹೋಗಬೇಕು ಎಂದವನು. ಅದನ್ನು ಬಾಯಿಮಾತಿಗೆ ಹೇಳಿದ್ದಲ್ಲ. ಆದರೆ ಮೊದಲ ಮಾತಿನಲ್ಲಿ ಹೊಣೆಯಿಂದ ಯೋಗ್ಯತೆ ಬರುತ್ತದೆ ಎಂದವನು, ಕಡೆಯ ಮೆಟ್ಟಲಿನ ಹತ್ತಿರ ಬಂದಾಗ ಯೋಗ್ಯತೆ ಮೊದಲು ಬರಲಿ, ಹೊಣೆ ಆಮೇಲೆ ಎನ್ನುತ್ತಾನೆ. ತಹಸೀಲ್ದಾರಿಕೆಗೆ ಒಂದು ನ್ಯಾಯ, ರಾಜ್ಯಭಾರಕ್ಕೆ ಇನ್ನೊಂದು. ತನ್ನ ತರ್ಕವನ್ನು ಕೊನೆಯವರೆಗೆ ಒಯ್ದಿದ್ದರೆ ಆತ ಸ್ವರಾಜ್ಯವಿಲ್ಲದೆ ಸ್ವರಾಜ್ಯದ ಯೋಗ್ಯತೆ ಬಾರದು ಎಂದು ಬರೆಯಬೇಕಾಗುತ್ತಿತ್ತು. ಅದನ್ನು ಬರೆಯಲು ಯಾವ ಗವರ್ನರನಿಗೂ ಕೈ ಬಾರದು. ಈ ಟಿಪ್ಪಣಿಯ ದೋಷ ನನಗೆ ಕಾಣುವುದು ಇಲ್ಲಿ.

ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಾಡಿದ್ದು, ಅದು ನಮ್ಮೂರಿಗೆ ಸಂಬಂಧಪಟ್ಟದ್ದಾದ್ದರಿಂದ. ಕ್ರಮಬದ್ಧವಾದ ವ್ಯವಸ್ಥೆಯನ್ನು ತಾವೇ ಕಟ್ಟಿಕೊಂಡ ಜನರನ್ನು ಮನ್ರೋ ನೋಡಿಯೇ ಇರಲಿಲ್ಲವೇ? ನೋಡಿದ್ದ. ನಮ್ಮ ಕೆನರಾದಲ್ಲೇ ನೋಡಿದ್ದ. 1800ರ ಮೇ 31ರಂದು ಆತ ರೆವಿನ್ಯೂ ಬೋರ್ಡಿಗೆ ಕಳುಹಿಸಿದ ವರದಿ ಈ ಜಿಲ್ಲೆಯ ಭೂಚರಿತ್ರೆಗೆ ಇಂದಿಗೂ ಮೂಲ ದಾಖಲೆ. ಭೂಮಿ ಇಲ್ಲಿ ಖಾಸಗಿ ಸೊತ್ತು, ಅದನ್ನು ಮಾರುತ್ತಾರೆ, ಅಡವಿಡುತ್ತಾರೆ, ಮಕ್ಕಳಿಗೆ ಬಿಟ್ಟುಹೋಗುತ್ತಾರೆ ಎಂದು ಆತ ಅದರಲ್ಲಿ ವಿವರಿಸಿದ್ದಾನೆ. ವಿಜಯನಗರದ ಕಾಲದಿಂದ ಬಂದ ‘ರೇಖೆ’ ಎಂಬ ತೀರ್ವೆ, ಅದರ ಮೇಲೆ ಬಿದನೂರಿನವರು, ಹೈದರ್, ಟಿಪ್ಪು ಏರಿಸಿದ ‘ಶಾಮಿಲು’ ಎಲ್ಲವನ್ನೂ ಲೆಕ್ಕ ಹಿಡಿದಿದ್ದಾನೆ. ವರ್ಗದಾರರು, ಮೂಲಗೇಣಿಯವರು, ಚಾಲಗೇಣಿಯವರು ಎಂಬ ನಮ್ಮ ಹಕ್ಕುಗಳ ಮೆಟ್ಟಲುಗಳು ಯಾವ ಗವರ್ನರನೂ ಕಲಿಸಿ ಬಂದವಲ್ಲ. ಮೊದಮೊದಲು ರೈತರು ಜಮಾಬಂದಿಗೆ ಬರಲು ಒಪ್ಪದೆ ದೂರ ಉಳಿದದ್ದನ್ನೂ ಆತ ಕಂಡಿದ್ದ. ವಿಟ್ಲದ ಹೆಗ್ಗಡೆ ಕಂಪೆನಿಗೆ ತಲೆಬಾಗದೆ ದಂಗೆ ಎದ್ದದ್ದೂ, 1800ರಲ್ಲಿ ಅವನನ್ನು ಗಲ್ಲಿಗೇರಿಸಿದ್ದೂ ಆತನ ಕಾಲದಲ್ಲೇ. ಇಷ್ಟನ್ನು ಕಂಡವನು ಇಪ್ಪತ್ತನಾಲ್ಕು ವರ್ಷಗಳ ಮೇಲೆ ಮದರಾಸಿನ ಕುರ್ಚಿಯಲ್ಲಿ ಕುಳಿತು ಬರೆಯುವಾಗ, ಇಲ್ಲಿನವರ ವ್ಯವಸ್ಥೆ ಮುಂದೆಂದೋ ಬರಬೇಕಾದದ್ದು ಎಂದು ಬರೆದ. ಕಣ್ಣು ಕಂಡದ್ದನ್ನು ಕುರ್ಚಿ ಮರೆಸಿತೇ ಎಂದು ನನಗೆ ಸಂಶಯ.

ಶಿಕ್ಷಣದ ವಿಷಯದಲ್ಲೂ ಹೀಗೇ ಒಂದು ಪ್ರಸಂಗವಿದೆ. 1822ರ ಜುಲೈಯಲ್ಲಿ ಮನ್ರೋ ಎಲ್ಲ ಕಲೆಕ್ಟರರಿಗೆ ಒಂದು ನಮೂನೆ ಕಳುಹಿಸಿ, ನಿಮ್ಮ ಜಿಲ್ಲೆಯಲ್ಲಿ ಶಾಲೆಗಳೆಷ್ಟು, ಯಾವ ಯಾವ ಜಾತಿಯ ಗಂಡು ಹೆಣ್ಣು ಮಕ್ಕಳು ಎಷ್ಟು ಮಂದಿ ಕಲಿಯುತ್ತಿದ್ದಾರೆ ಎಂದು ಲೆಕ್ಕ ಕೇಳಿದ. ಧರ್ಮಪಾಲರು 1983ರಲ್ಲಿ ಈ ಲೆಕ್ಕಗಳನ್ನೆಲ್ಲ ಒಂದು ಪುಸ್ತಕವಾಗಿ ಹೊರತಂದ ಮೇಲೆ ಅವು ಪ್ರಸಿದ್ಧವಾದವು. ಮದರಾಸು ಪ್ರಾಂತದಲ್ಲಿ 12,498 ಶಾಲೆಗಳು, ಹೆಚ್ಚುಕಡಿಮೆ ಸಾವಿರ ಜನಕ್ಕೊಂದರಂತೆ. ಮನೆಯಲ್ಲಿ ಕಲಿಯುವವರನ್ನೂ ಸೇರಿಸಿದರೆ ಶಾಲೆಯ ವಯಸ್ಸಿನ ಗಂಡುಮಕ್ಕಳಲ್ಲಿ ಮೂರರಲ್ಲೊಬ್ಬನಿಗೆ ಅಕ್ಷರ ಸಿಗುತ್ತಿತ್ತೆಂದು ಮನ್ರೋ 1826ರ ಮಾರ್ಚಿನಲ್ಲಿ ಅಂದಾಜು ಮಾಡಿದ. ಹೆಣ್ಣುಮಕ್ಕಳ ಲೆಕ್ಕ ಹೇಳಿಕೊಳ್ಳುವಷ್ಟಿರಲಿಲ್ಲ, ಅದು ನಮ್ಮದೇ ದೋಷ, ಮುಚ್ಚಿಡಬೇಕಾಗಿಲ್ಲ. ಆದರೆ ಆ ಪಟ್ಟಿಯಲ್ಲಿ ಕೆನರಾದ ಸಾಲನ್ನು ಹುಡುಕಿದರೆ ಅಂಕಿಗಳೇ ಇಲ್ಲ. ಇಲ್ಲಿನ ಕಲೆಕ್ಟರ್, ನಮ್ಮಲ್ಲಿ ಕಾಲೇಜೂ ಇಲ್ಲ, ಸಾರ್ವಜನಿಕ ಶಾಲೆಯೂ ಇಲ್ಲ, ಕಲಿಕೆ ಏನಿದ್ದರೂ ಖಾಸಗಿಯಾಗಿ ನಡೆಯುತ್ತದೆ, ಈ ನಮೂನೆ ತುಂಬಿಸುವುದು ಕಾಲಹರಣ ಎಂಬರ್ಥದ ಉತ್ತರ ಬರೆದು ಕಳುಹಿಸಿದ್ದ. ಹಳ್ಳಿಯ ಐಗಳು ಮನೆಯ ಜಗಲಿಯಲ್ಲಿ ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದ ಕಾಲ. ಅದು ನಮೂನೆಯ ಕಲಮಿಗೆ ಹೊಂದಲಿಲ್ಲ, ಆದ್ದರಿಂದ ಇಲ್ಲವೆಂದಾಯಿತು. ಒಬ್ಬ ವಿದ್ಯಾರ್ಥಿಯ ಉತ್ತರಪತ್ರಿಕೆಯನ್ನು ತೆಗೆದುಕೊಳ್ಳದೆಯೇ ಅವನಿಗೆ ಸೊನ್ನೆ ಹಾಕಿದರೆ ಹೇಗೋ ಹಾಗೆ.

ಅದೇ 1826ರಲ್ಲಿ ಮನ್ರೋ ಪ್ರತಿ ತಹಸೀಲಿಗೊಂದು ಶಾಲೆ, ಪ್ರತಿ ಜಿಲ್ಲೆಗೆರಡು ದೊಡ್ಡ ಶಾಲೆ ಎಂಬ ಯೋಜನೆ ಮುಂದಿಟ್ಟ. 1827ರ ಜುಲೈಯಲ್ಲಿ ಪತ್ತಿಕೊಂಡದಲ್ಲಿ ಕಾಲರಾದಿಂದ ತೀರಿಕೊಂಡ. ಆಮೇಲೆ ಬಂದವರಿಗೆ ಆ ಆಸಕ್ತಿ ಇರಲಿಲ್ಲ, ಯೋಜನೆ ಹೆಚ್ಚು ಕಾಲ ಬಾಳಲಿಲ್ಲ. ಯೋಗ್ಯರಾಗಿ ಎಂದವರು ಯೋಗ್ಯತೆ ಕೊಡುವ ಶಾಲೆಯನ್ನೇ ನಡೆಸಲಿಲ್ಲ.

ಇತ್ತ ಅಯೋಗ್ಯರೆನಿಸಿಕೊಂಡವರು ಕಾಯುತ್ತ ಕೂರಲಿಲ್ಲ. 1830-31ರಲ್ಲಿ ಧಾನ್ಯದ ಬೆಲೆ ಇಳಿದು ತೀರ್ವೆ ಹೊರೆಯಾದಾಗ ಕೆನರಾದ ರೈತರು ‘ಕೂಟ’ಗಳನ್ನು ಕಟ್ಟಿಕೊಂಡರು. ಮಾಗಣೆಯಿಂದ ಮಾಗಣೆಗೆ ಕಾಗದ ಓಡಾಡಿತು, ಅರ್ಜಿಗಳು ಬರೆಯಲ್ಪಟ್ಟವು, ಕದ್ರಿಯ ಮಂಜುನಾಥ ದೇವಸ್ಥಾನದಲ್ಲೂ ರೈತರು ಸೇರಿದರು. ಮಂಗಳೂರು ವಿಶ್ವವಿದ್ಯಾನಿಲಯದ ಎನ್. ಶ್ಯಾಮ್ ಭಟ್ಟರು ದಕ್ಷಿಣ ಕನ್ನಡದ ಚರಿತ್ರೆಯ ಬಗ್ಗೆ ಮಾಡಿದ ಕೆಲಸದಿಂದಾಗಿ ಈ ಕೂಟಗಳ ಸಂಗತಿ ನಮಗೆ ತಿಳಿದಿದೆ. ಊರೂರಿನವರು ಒಟ್ಟಾಗಿ ಕುಳಿತು, ಒಂದು ತೀರ್ಮಾನಕ್ಕೆ ಬಂದು, ಅದನ್ನು ಬರೆದು, ಅದಕ್ಕೆ ಕಟ್ಟುಬೀಳುವುದಕ್ಕೆ ಸ್ವರಾಜ್ಯದ ಮೊದಲ ಪಾಠವೆಂದಲ್ಲದೆ ಬೇರೆ ಹೆಸರು ನನಗೆ ಹೊಳೆಯುವುದಿಲ್ಲ.

1837ರ ಕತೆ ಎಲ್ಲರಿಗೂ ಗೊತ್ತು. 1834ರಲ್ಲಿ ಕೊಡಗನ್ನು ನುಂಗಿದ ಕಂಪೆನಿ, ಅದಕ್ಕೆ ಸೇರಿದ್ದ ಅಮರ ಸುಳ್ಯ, ಪುತ್ತೂರು ಮಾಗಣೆಗಳನ್ನು ಕೆನರಾಕ್ಕೆ ಸೇರಿಸಿತು. ಬೆಳೆಯ ರೂಪದಲ್ಲಿ ಕೊಡುತ್ತಿದ್ದ ತೀರ್ವೆಯನ್ನು ರೊಕ್ಕದಲ್ಲಿ ಕೊಡಿ ಎಂದಿತು. ಕೆದಂಬಾಡಿ ರಾಮಯ್ಯ ಗೌಡರು, ಕಲ್ಯಾಣಸ್ವಾಮಿ ಎಂದು ಕರೆಸಿಕೊಂಡ ಪುಟ್ಟಬಸಪ್ಪ, ನಂದಾವರದ ಬಂಗರಸ ಮುಂತಾದವರ ಮುಂದಾಳುತನದಲ್ಲಿ ಜನ ಬೆಳ್ಳಾರೆಯ ಖಜಾನೆ ಹಿಡಿದು, ಪುತ್ತೂರು ಬಂಟವಾಳಗಳ ದಾರಿಯಾಗಿ ಏಪ್ರಿಲ್ 5ರಂದು ಮಂಗಳೂರಿಗೆ ಬಂದರು. ಬಾವುಟಗುಡ್ಡದಲ್ಲಿ ತಮ್ಮ ಬಾವುಟ ಹಾರಿಸಿದರು. ಸುಮಾರು ಎರಡು ವಾರ ಊರು ಅವರ ಕೈಯಲ್ಲಿತ್ತು. ಆಮೇಲೆ ಕಂಪೆನಿಯ ಸೈನ್ಯ ಬಂತು, ಬಿಕರ್ನಕಟ್ಟೆಯಲ್ಲಿ ನೇಣುಗಂಬ ಎದ್ದಿತು. ಮನ್ರೋ ಆ ಟಿಪ್ಪಣಿ ಬರೆದು ಆಗ ಹದಿಮೂರು ವರ್ಷವೂ ತುಂಬಿರಲಿಲ್ಲ.

ಈ ದಂಗೆಯನ್ನು ಹೊಗಳುವ ಭರದಲ್ಲಿ ಅದಕ್ಕಿಲ್ಲದ ಬಣ್ಣ ಹಚ್ಚಲು ನನಗೆ ಮನಸ್ಸಿಲ್ಲ. ಅವರು ಬಯಸಿದ್ದು ಹಾಲೇರಿ ಅರಸರ ಮರಳಿಕೆಯನ್ನು, ಮತದಾನವನ್ನಲ್ಲ. ಮುಂದಾಳು ರಾಜವಂಶದವನೆಂದು ಹೇಳಿಕೊಂಡದ್ದು ನಿಜವಾಗಿರಲಿಲ್ಲ. ಆದರೆ ಉಪ್ಪು, ಹೊಗೆಸೊಪ್ಪುಗಳ ಮೇಲಿನ ಭಾರವನ್ನು ಇಳಿಸುತ್ತೇವೆ ಎಂದು ಅವರು ಸಾರಿದಾಗ ಜನ ಯಾಕೆ ಜೊತೆಗೂಡಿದರು ಎಂಬುದು ಅರ್ಥವಾಗುತ್ತದೆ. ಗೆದ್ದವರ ಬಾಯಲ್ಲಿ ಇದು ಬರೇ ಲೂಟಿ ಎನಿಸಿಕೊಂಡಿತು. ನಮ್ಮವರೇ ‘ಕಲ್ಯಾಣಪ್ಪನ ಕಾಟಕಾಯಿ’ ಎಂದು ಹೇಳುತ್ತ ಬಂದರು. ಸುಳ್ಯದ ಕಡೆಯವರೇ ಆದ ನಿರಂಜನರು ‘ಕಲ್ಯಾಣಸ್ವಾಮಿ’ ಕಾದಂಬರಿ ಬರೆದ ಮೇಲೆ ನೋಟ ಸ್ವಲ್ಪ ಬದಲಾಯಿತು. 2022ರಲ್ಲಿ ಬಾವುಟಗುಡ್ಡದಲ್ಲಿ ರಾಮಯ್ಯ ಗೌಡರ ಪ್ರತಿಮೆ ನಿಂತಿತು. ಫಳ್ನೀರಿನಿಂದ ಅಲ್ಲಿಗೆ ನಡೆದೇ ಹೋಗಬಹುದು, ನಾನು ಹೋಗುತ್ತೇನೆ. ಮದರಾಸಿನಲ್ಲಿ ಕುದುರೆಯ ಮೇಲೆ ಕುಳಿತ ಮನ್ರೋವಿನ ಪ್ರತಿಮೆ ಇದೆ, ಇಲ್ಲಿ ಇವರದು. ಒಬ್ಬರು ಕಾಯಿರಿ ಎಂದವರು, ಇನ್ನೊಬ್ಬರು ಕಾಯಲು ಒಪ್ಪದವರು.

ಮನ್ರೋವಿನ ‘ವರೆಗೆ’ ಆತನೊಂದಿಗೆ ಸಾಯಲಿಲ್ಲ. 1919ರ ಭಾರತ ಸರಕಾರ ಕಾಯಿದೆಯ ಪೀಠಿಕೆಯಲ್ಲಿ, ಸ್ವಯಮಾಡಳಿತದ ಪ್ರತಿ ಹೆಜ್ಜೆಯ ಕಾಲವನ್ನೂ ಕ್ರಮವನ್ನೂ ನಿರ್ಧರಿಸುವುದು ಬ್ರಿಟಿಷ್ ಪಾರ್ಲಿಮೆಂಟು ಮಾತ್ರ ಎಂದು ಬರೆಯಲಾಯಿತು. ಪರೀಕ್ಷಕ ಯಾರು ಎಂಬುದು ಈಗ ಕಾನೂನಾಯಿತು. 1928ರಲ್ಲಿ ಪರೀಕ್ಷಕರು ತಪಾಸಣೆಗೂ ಬಂದರು. ಸೈಮನ್ ಆಯೋಗದ ಏಳು ಮಂದಿಯಲ್ಲಿ ಒಬ್ಬನೂ ಭಾರತೀಯನಿರಲಿಲ್ಲ. ಕಡೆಗೆ 1947ರ ಫೆಬ್ರವರಿ 20ರಂದು ಪ್ರಧಾನಿ ಆಟ್ಲಿ, 1948ರ ಜೂನಿನೊಳಗೆ ಅಧಿಕಾರ ಬಿಟ್ಟುಕೊಡುತ್ತೇವೆ ಎಂದರು. ಟಿಪ್ಪಣಿ ಬರೆದು ನೂರ ಇಪ್ಪತ್ತೆರಡು ವರ್ಷಗಳಾದ ಮೇಲೆ ಹೊರಬಿದ್ದ ಮೊದಲ ದಿನಾಂಕ ಅದು. ಭಾರತೀಯರ ಮೂಢನಂಬಿಕೆಗಳು ಆ ಫೆಬ್ರವರಿಯಲ್ಲಿ ಮುಗಿದುಹೋದವೇ? ಇಲ್ಲ. ಯುದ್ಧದಿಂದ ಬಸವಳಿದ ಪರೀಕ್ಷಕನಿಗೆ ಇನ್ನು ಕುರ್ಚಿಯಲ್ಲಿ ಕೂರುವ ಶಕ್ತಿ ಉಳಿದಿರಲಿಲ್ಲ, ಪರೀಕ್ಷೆಗೊಳಗಾದವರು ಕೋಣೆ ಬಿಟ್ಟು ಬೀದಿಗಿಳಿದು ಆಗಲೇ ಬಹಳ ಕಾಲವಾಗಿತ್ತು.

ನಮ್ಮ ಬಡಗಿನ ನೆರೆಯಾದ ಗೋವೆಯ ಕತೆ ಇನ್ನೂ ವಿಚಿತ್ರ. ಫಳ್ನೀರಿನ ಎಷ್ಟೋ ಕೊಂಕಣಿ ಮನೆಗಳ ಹಿರಿಯರು ಅಲ್ಲಿಂದಲೇ ಬಂದವರು. 1951ರಲ್ಲಿ ಪೋರ್ಚುಗಲ್ ತನ್ನ ಸಂವಿಧಾನವನ್ನು ತಿದ್ದಿ, ತನಗೆ ವಸಾಹತುಗಳೇ ಇಲ್ಲ, ಅವೆಲ್ಲ ಕಡಲಾಚೆಯ ಪ್ರಾಂತಗಳು ಎಂದಿತು. ಮನ್ರೋ ಪ್ರಶ್ನೆಯನ್ನು ಕೇಳಿ ಉತ್ತರವನ್ನು ಮುಂದೂಡಿದ. ಲಿಸ್ಬನ್ ಪ್ರಶ್ನೆಯನ್ನೇ ಅಳಿಸಿತು. ಉತ್ತರ 1961ರ ಡಿಸೆಂಬರಿನಲ್ಲಿ ಸೈನ್ಯದೊಂದಿಗೆ ಬಂತು. ಅದಕ್ಕೆ ಒಂದು ವರ್ಷ ಮೊದಲು, 1960ರ ಡಿಸೆಂಬರ್ 14ರಂದು ವಿಶ್ವಸಂಸ್ಥೆಯ ಮಹಾಸಭೆ ಒಂದು ನಿರ್ಣಯ ಅಂಗೀಕರಿಸಿತ್ತು. ಪರವಾಗಿ 89 ಮತ, ವಿರುದ್ಧ ಯಾರೂ ಇಲ್ಲ, ತಟಸ್ಥರು 9. ರಾಜಕೀಯವಾಗಿ, ಆರ್ಥಿಕವಾಗಿ, ಸಾಮಾಜಿಕವಾಗಿ, ಶಿಕ್ಷಣದಲ್ಲಿ ತಯಾರಾಗಿಲ್ಲ ಎಂಬುದು ಸ್ವಾತಂತ್ರ್ಯವನ್ನು ತಡಮಾಡಲು ನೆಪವಾಗಕೂಡದು ಎಂಬುದು ಅದರ ಒಂದು ಕಲಮು. ಮನ್ರೋವಿನ ‘ವರೆಗೆ’ಗೆ ಜಗತ್ತು ಕೊಟ್ಟ ಲಿಖಿತ ಉತ್ತರ ಅದೆಂದು ನಾನು ಮಕ್ಕಳಿಗೆ ಹೇಳುತ್ತೇನೆ.

ಹಾಗೆಂದು ಈ ಟಿಪ್ಪಣಿಯನ್ನು ಮೂಲೆಗೆಸೆಯಬೇಕೆಂದು ನಾನು ಹೇಳುವುದಿಲ್ಲ. ಅದರ ಮೊದಲ ಮಾತು ಸತ್ಯ, ಅದನ್ನು ಉಳಿಸಿಕೊಂಡು ಎರಡನೆಯದನ್ನು ಬಿಡಬೇಕು. ಯಾಕೆಂದರೆ ಆ ಎರಡನೆಯ ಮಾತನ್ನು ಈಗ ಹೇಳುವವರು ನಾವೇ. ಕರ್ನಾಟಕದ 1983ರ ಕಾಯಿದೆ ಮಂಡಲ ಪಂಚಾಯತು, ಜಿಲ್ಲಾ ಪರಿಷತ್ತುಗಳಲ್ಲಿ ಹೆಂಗಸರಿಗೆ ಶೇಕಡಾ 25 ಸ್ಥಾನ ಕೊಟ್ಟು 1987ರಲ್ಲಿ ಚುನಾವಣೆ ನಡೆದಾಗ, ಇವರಿಗೆ ಏನು ಗೊತ್ತು, ಮೊದಲು ಕಲಿಯಲಿ ಎಂದವರು ಎಷ್ಟು ಮಂದಿ! ಕಲಿತ ಮೇಲೆ ಕೊಡೋಣ ಎಂದು ಕಾದಿದ್ದರೆ ಇಂದಿಗೂ ಕೊಡುತ್ತಿರಲಿಲ್ಲ. ಕುರ್ಚಿಯಲ್ಲಿ ಕುಳಿತೇ ಅವರು ಕಲಿತರು. ಕೆಲವರು ತಪ್ಪಿದರು, ಕೆಲವರು ಗಂಡಂದಿರ ಕೈಗೆ ಸಹಿ ಕೊಟ್ಟರು, ಹಲವರು ಚೆನ್ನಾಗಿಯೇ ನಡೆಸಿದರು. ಗಂಡಸರು ಆಳಿದಾಗಲೂ ಹೀಗೇ ಅಲ್ಲವೇ?

ಆ ಹುಡುಗಿಯ ವಿಷಯದಲ್ಲಿ ನನ್ನ ತಪ್ಪನ್ನು ತಿದ್ದುವ ದಾರಿ ಈಗಿಲ್ಲ. ಅವಳನ್ನು ಕೂರಿಸಿದ್ದರೆ ಪಾಸಾಗುತ್ತಿದ್ದಳೋ ನಪಾಸಾಗುತ್ತಿದ್ದಳೋ, ಅದು ಅವಳ ಪರೀಕ್ಷೆಯಾಗಿತ್ತು. ನಾನು ಅದನ್ನು ಅವಳ ಕೈಯಿಂದ ತೆಗೆದೆ. ಅಂದಿನಿಂದ ಸಭೆಗಳಲ್ಲಿ ಯಾರಾದರೂ ಯಾವ ಮಗುವಿನ ಬಗ್ಗೆಯಾದರೂ “ಇನ್ನೂ ತಯಾರಾಗಿಲ್ಲ” ಎಂದರೆ, ಯಾವಾಗ ತಯಾರಾಗುತ್ತಾರೆ, ಅದಕ್ಕೆ ನಾವು ಏನು ಮಾಡುತ್ತೇವೆ, ದಿನಾಂಕ ಹಾಕಿ ಎಂದು ಕೇಳುವುದನ್ನು ರೂಢಿ ಮಾಡಿಕೊಂಡಿದ್ದೇನೆ. ಸಹೋದ್ಯೋಗಿಗಳಿಗೆ ಇದು ಕಿರಿಕಿರಿ, ನನಗೆ ಗೊತ್ತು. ಜೆರಾಕ್ಸ್ ಪ್ರತಿಯ ಆ ವಾಕ್ಯದ ಪಕ್ಕದಲ್ಲೂ ಪೆನ್ಸಿಲಿನಿಂದ ‘ಎಂದು?’ ಎಂದು ಬರೆದಿದ್ದೆ. ಹಿಂದಿರುಗಿಸುವಾಗ ಅಳಿಸಿ ಕೊಡಬೇಕೆಂದುಕೊಂಡು ಹೋದರೆ, ಹಿರಿಯರು ಅದನ್ನು ನೋಡಿ, “ಇರಲಿ ಟೀಚರ್, ಮುಂದೆ ಓದುವವರಿಗೆ ಬೇಕಾಗ್ತದೆ” ಎಂದರು.